ಮಾವನ ಟೂಲ್ ಬಾಕ್ಸ್ ಮತ್ತು ಇಂಚಿನ ಕಾಲ

ಸೋದರಮಾವನ ವರ್ಷಾಂತಿಕ ಮುಗಿಸಿ ಅತ್ತೆ ಡೊಂಬಿವಲಿಯ ಮನೆ ಖಾಲಿ ಮಾಡಿ ಮಗಳೊಟ್ಟಿಗೆ ಪುಣೆಗೆ ಹೋಗುವುದೆಂದು ತೀರ್ಮಾನವಾಯಿತು. ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಅಟ್ಟದಿಂದ (ಇಲ್ಲಿ ಅದನ್ನು ಮಾಳಾ ಅನ್ನುತ್ತಾರೆ) ಒಂದೊಂದೇ ಇಳಿಸುವಾಗ ಹಿಂದುಗಡೆ ಗೋಡೆಗೆ ಒತ್ತಿ ಇಟ್ಟಿದ್ದ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಇಬ್ಬರು ಹಿಡಿದು ಇಳಿಸಬೇಕಾಯಿತು, ಅಷ್ಟು ಭಾರ! ಕೆಳಗೆ ನಿಂತಿದ್ದ ಭಂಗಾರ್‌ವಾಲಾ ಹಳೆಯ ಪಾತ್ರೆಗಳ ಜತೆ ಅದನ್ನೂ ತೂಗಿ ನೋಡಿ ಹತ್ತೊಂಬತ್ತು ಕಿಲೋ ಅಂದ. ಕಿಲೋಗೆ ಮೂವತ್ತೈದರಂತೆ ಲೆಕ್ಕ ಹಾಕಿ ನೋಟು ಎಣಿಸಲಿಕ್ಕೂ ಶುರು ಮಾಡಿದ್ದ.

ಮುಚ್ಚಳ ತೆಗೆದಾಗ ಎಣ್ಣೆಯ ವಾಸನೆ ಗಪ್ಪನೆ ಬಂತು. ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ಉಕ್ಕಿನ ಸಾಮಾನುಗಳು. ಒಂದಕ್ಕೂ ತುಕ್ಕಿಲ್ಲ. ಒಂದರ ಹೆಸರೂ ನನಗೆ ಗೊತ್ತಿಲ್ಲ.

"ಇದೆಲ್ಲ ಎಂತಕ್ ಬತ್ತ್ ಅಂದೇಳಿ ಅವ್ರಿಗೊಬ್ರಿಗೇ ಗೊತ್ತಿತ್ತ್" ಅಂದರು ಅತ್ತೆ.

ಆ ಮಾತು ಕೇಳಿ ಯಾಕೋ ಕಸಿವಿಸಿಯಾಯಿತು. 1990ರಲ್ಲಿ ಬಿ.ಕಾಂ. ಮುಗಿಸಿ ಕುಂದಾಪುರದಿಂದ ಬಂದವನಿಗೆ ಮೂರು ವರ್ಷ ಊಟ ಹಾಕಿ, ಜಾಗ ಕೊಟ್ಟು, ಬ್ಯಾಂಕ್ ಪರೀಕ್ಷೆಗೆ ಫೀಸು ಕಟ್ಟಿದವರು ಈ ಮಾವ. "ಮಾವ ಏನು ಕೆಲಸ ಮಾಡ್ತಾರೆ?" ಎಂದು ಯಾರಾದರೂ ಕೇಳಿದರೆ "ಮೊದಲು ಮಿಲ್ಲಿನಲ್ಲಿದ್ರು, ಈಗ ವಾಗ್ಲೆ ಎಸ್ಟೇಟಿನ ಒಂದು ಗಾಳೆಯಲ್ಲಿ" ಅಂದು ಮುಗಿಸಿಬಿಡುತ್ತಿದ್ದೆ. ಮಿಲ್ಲಿನಲ್ಲಿ ಏನು ಮಾಡುತ್ತಿದ್ದರು ಎಂದು ಒಂದು ದಿನವಾದರೂ ಕೇಳಿದವನಲ್ಲ. ಭಂಗಾರ್‌ವಾಲಾನಿಗೆ ಪಾತ್ರೆ ಮಾತ್ರ ಕೊಟ್ಟು ಪೆಟ್ಟಿಗೆಯನ್ನು ಠಾಣೆಗೆ ನಮ್ಮ ಮನೆಗೇ ತಂದೆ. ಎರಡು ತಿಂಗಳ ಭಾನುವಾರಗಳೆಲ್ಲ ಅದರಲ್ಲೇ ಹೋದವು. ಹೆಂಡತಿ ಏನೆಂದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಗುರುತಿಲ್ಲದ ಸಾಮಾನನ್ನು ಗುರುತಿಸುವುದು ಹೇಗೆ? ನಮ್ಮ ಬ್ಯಾಂಕಿನಲ್ಲಿ ಚಿನ್ನದ ಸಾಲಕ್ಕೆ ಒಡವೆ ನೋಡುವ ಅಕ್ಕಸಾಲಿಗರೊಬ್ಬರಿದ್ದಾರೆ. ಅವರು ಮೊದಲು ಮುದ್ರೆ ಹುಡುಕುತ್ತಾರೆ, ಆಮೇಲೆ ಎಲ್ಲಿ ಸವೆದಿದೆ ಎಂದು ನೋಡುತ್ತಾರೆ, ಉಜ್ಜುವುದು ತೂಗುವುದು ಎಲ್ಲ ಕೊನೆಗೆ. ನಾನೂ ಅದೇ ಕ್ರಮ ಹಿಡಿದೆ. ಭೂತಗನ್ನಡಿ ಒಂದು, ಟಾರ್ಚು ಒಂದು.

ಮುದ್ರೆ ಎಂದರೆ ತಯಾರಿಸಿದವರ ಹೆಸರು, ಊರು. ಇದರಲ್ಲೇ ಅರ್ಧ ಚರಿತ್ರೆ ಇರುತ್ತದೆ. ಆರಿಂಚಿನ ಉಕ್ಕಿನ ಪಟ್ಟಿಯ ಮೇಲೆ 'ಚೆಸ್ಟರ್‌ಮನ್, ಶೆಫೀಲ್ಡ್' ಎಂದಿತ್ತು. ಚೆಸ್ಟರ್‌ಮನ್ ಕಂಪನಿ 1963ರಲ್ಲಿ ಬರ್ಮಿಂಗ್‌ಹ್ಯಾಮಿನ ರಬೋನ್ ಕಂಪನಿಯೊಡನೆ ಸೇರಿ 'ರಬೋನ್ ಚೆಸ್ಟರ್‌ಮನ್' ಆಯಿತು. ಹಾಗಾಗಿ ಬರೀ ಚೆಸ್ಟರ್‌ಮನ್ ಎಂದಿದ್ದರೆ ಹೆಚ್ಚುಕಡಿಮೆ ಅದಕ್ಕೂ ಹಿಂದಿನದು. ಮೈಕ್ರೋಮೀಟರ್ ಎರಡಿದ್ದವು, ಎರಡೂ 'ಮೂರ್ ಅಂಡ್ ರೈಟ್', ಅದೂ ಶೆಫೀಲ್ಡಿನದೇ, 1906ರಲ್ಲಿ ಫ್ರಾಂಕ್ ಮೂರ್ ಎಂಬವನು ಹಾಕಿದ ಕಂಪನಿ. ಒಂದು ಗುಣ್ಯಾ ಇತ್ತು (ಕಾಟಕೋನ ನೋಡುವ ಸಾಧನಕ್ಕೆ ಮುಂಬಯಿಯ ಕಾರ್ಖಾನೆಗಳಲ್ಲಿ ಹೀಗೇ ಹೇಳುವುದು). ಅದರ ತಲೆ ಪಟ್ಟಿಯ ಮೇಲೆ ಜಾರುತ್ತದೆ, ಬೇಕಾದಲ್ಲಿ ಬಿಗಿ ಮಾಡಬಹುದು. ಅದರ ಮೇಲೆ 'ಸ್ಟಾರೆಟ್, ಅಥೋಲ್, ಮಾಸ್, ಯು.ಎಸ್.ಎ.' ಎಂದು ನೋಡಿ ನನಗೆ ನಗು ಬಂತು. ಇಲ್ಲಿಯವರಿಗೆ ಗೊತ್ತಿದೆಯಲ್ಲ, ಯು.ಎಸ್.ಎ. ಎಂದರೆ ಉಲ್ಲಾಸನಗರ್ ಸಿಂಧಿ ಅಸೋಸಿಯೇಷನ್! ಆದರೆ ಇದು ಅಸಲಿಯೇ. ಲೆರಾಯ್ ಸ್ಟಾರೆಟ್ ಎಂಬವನು ಈ ಜಾರುವ ಗುಣ್ಯಾಕ್ಕೆ 1879ರಲ್ಲಿ ಪೇಟೆಂಟ್ ಪಡೆದು, ಮರುವರ್ಷ ಅಮೆರಿಕದ ಅಥೋಲ್ ಎಂಬ ಸಣ್ಣ ಊರಿನಲ್ಲಿ ಕಂಪನಿ ಶುರು ಮಾಡಿದ. ಅಂಥ ಅಮೆರಿಕನ್ ಸಾಮಾನುಗಳ ಮೇಲೆ ಪೇಟೆಂಟಿನ ತಾರೀಖು ಕೆತ್ತಿರುತ್ತದೆ. ಅದನ್ನು ಹುಟ್ಟಿದ ದಿನ ಎಂದು ತಿಳಿಯಬಾರದು. ಅದಕ್ಕಿಂತ ಹಿಂದಿನದಲ್ಲ ಎನ್ನುವುದಕ್ಕೆ ಮಾತ್ರ ಸಾಕ್ಷಿ. ಅದೇ ತಾರೀಖು ಕೆತ್ತಿಕೊಂಡೇ ಹತ್ತಾರು ವರ್ಷ ಮಾರುತ್ತಿದ್ದರು.

ದೇಶದ ಹೆಸರು ಕೆತ್ತುವ ಅಭ್ಯಾಸ ಬಂದದ್ದೂ ಒಂದು ಜಗಳದಿಂದಲೇ. ಅಗ್ಗದ ಜರ್ಮನ್ ಚಾಕು ಕತ್ತರಿಗಳ ಮೇಲೆ ಶೆಫೀಲ್ಡ್ ಹೆಸರು ಹಾಕಿ ಮಾರುತ್ತಾರೆ ಎಂದು ಶೆಫೀಲ್ಡಿನವರು ಬೊಬ್ಬೆ ಹೊಡೆದು, 1887ರಲ್ಲಿ ಬ್ರಿಟನ್ನಿನಲ್ಲಿ ಮರ್ಚಂಡೈಸ್ ಮಾರ್ಕ್ಸ್ ಕಾಯ್ದೆ ಬಂತು. 'ಮೇಡ್ ಇನ್ ಜರ್ಮನಿ' ಎಂಬ ಬರಹ ಹುಟ್ಟಿದ್ದು ಹೀಗೆ, ಅವಮಾನ ಮಾಡಲಿಕ್ಕೆ. ಕೆಲವೇ ವರ್ಷಗಳಲ್ಲಿ ಅದೇ ಗುಣಮಟ್ಟದ ಗುರುತಾಗಿ ಕೂತಿತು! ನಮಗೆ ಉಪಯೋಗದ ಮಾತೆಂದರೆ, 'ವೆಸ್ಟ್ ಜರ್ಮನಿ' ಎಂದಿದ್ದರೆ ಅದು 1949ರಿಂದ 1990ರ ಒಳಗಿನದು. 'ಆಕ್ಯುಪೈಡ್ ಜಪಾನ್' ಎಂದಿದ್ದರೆ 1945ರಿಂದ 1952ರ ನಡುವಿನದು. ಮಾವನ ಒಂದು ಸ್ಪ್ರಿಂಗ್ ಕ್ಯಾಲಿಪರಿನ ಮೇಲೆ ಕಾಗೆಯ ಕಾಲಿನಂಥ ಮೂರು ಗೆರೆಯ ಬಾಣವಿತ್ತು. ಅದು ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯ ಸಾಮಾನುಗಳನ್ನು 'ಡಿಸ್ಪೋಸಲ್' ಎಂದು ಮಾರಿದರಲ್ಲ, ಬಹುಶಃ ಅಂಥದ್ದೊಂದು ಚೋರ್ ಬಜಾರಿನ ದಾರಿ ಹಿಡಿದು ಮಾವನ ಕೈ ಸೇರಿದೆ.

ಹೆಸರಿದ್ದದ್ದು ಅಲ್ಲಿಗೆ ಮುಗಿಯಿತು. ಉಳಿದವು ಮೂಕ ಸಾಮಾನುಗಳು.

ಒಂದು ಕ್ಯಾಲಿಪರಿನ ಒಂದು ಕಾಲು ಒಳಕ್ಕೆ ಬಾಗಿದೆ, ಇನ್ನೊಂದು ನೆಟ್ಟಗೆ ಸೂಜಿಯಂತಿದೆ. ಯಾರೋ ಒಂದು ಕಾಲು ಮುರಿದು ಬೇರೆ ಕಾಲು ಕೂಡಿಸಿದ್ದಾರೆ ಎಂದುಕೊಂಡು ಬದಿಗಿಟ್ಟಿದ್ದೆ. ಹಲ್ಲು ಹಲ್ಲಿನ ತಗಡುಗಳ ಗೊಂಚಲೊಂದನ್ನು ನೋಡಿ ನನ್ನ ಮಗಳು "ಅಪ್ಪ, ಹೇನಿನ ಬಾಚಣಿಗೆ!" ಅಂದಳು. ಮೀನಿನ ಬಾಲದಂತೆ ಕಚ್ಚು ಕೊರೆದ, ಎರಡು ಬೆರಳಗಲದ ಚಪ್ಪಟೆ ತಗಡು ಎರಡಿದ್ದವು, ನೋಡಲಿಕ್ಕೆ ಒಂದೇ ಥರ. ಇವನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಮಸ್ಜಿದ್ ಬಂದರಿನಲ್ಲಿಳಿದು ನಾಗದೇವಿ ಸ್ಟ್ರೀಟಿಗೆ ಹೋದೆ. ಮುಂಬಯಿಯಲ್ಲಿ ಹತ್ಯಾರಗಳ ಪೇಟೆ ಎಂದರೆ ಅದೇ. ಅಂಗಡಿಯ ಹುಡುಗರಿಗೆ ಹೊಸ ಮಾಲಿನ ಬೆಲೆ ಗೊತ್ತು, ಹಳೆಯದರ ಹೆಸರು ಗೊತ್ತಿಲ್ಲ. ಕೊನೆಗೆ ಅತ್ತೆ ನೆನಪಿಸಿಕೊಂಡು ಹೇಳಿದ್ದು, ಮಾವನ ಜತೆ ಅದೇ ಮಿಲ್ಲಿನ ಮೆಕ್ಯಾನಿಕ್ ಶಾಪಿನಲ್ಲಿದ್ದ ಕೊಂಕಣದ ಹಿರಿಯರೊಬ್ಬರನ್ನು. ಎಂಬತ್ತು ದಾಟಿದೆ, ಕಣ್ಣು ಮಂಜು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು.

ಕಾಕಾ ಕಣ್ಣಿಗಿಂತ ಮೊದಲು ಬೆರಳಿನಿಂದ ನೋಡಿದರು. ಆ ಮುರುಕಲು ಕ್ಯಾಲಿಪರನ್ನು ಕೈಗೆತ್ತಿಕೊಂಡದ್ದೇ ತಡ, ಮುಖ ಅರಳಿತು. "ಜೆನ್ನಿ!" ಅಂದರು. ಜೆನ್ನಿ ಕ್ಯಾಲಿಪರ್. ಬಾಗಿದ ಕಾಲನ್ನು ಲೋಹದ ಅಂಚಿಗೆ ತಾಗಿಸಿ ಎಳೆದರೆ ಸೂಜಿಯ ಕಾಲು ಅಂಚಿಗೆ ಸಮಾನಾಂತರವಾಗಿ ಗೆರೆ ಕೊರೆಯುತ್ತದೆ. ದುಂಡು ಸಲಾಕೆಯ ತುದಿಗೆ ನಾಲ್ಕು ಕಡೆಯಿಂದ ಹೀಗೆ ಗೀರಿದರೆ ನಡುವೆ ಒಂದು ಪುಟ್ಟ ಚೌಕ ಉಳಿಯುತ್ತದೆ, ಅದರ ಮಧ್ಯದಲ್ಲಿ ಸೆಂಟರ್ ಪಂಚ್ ಇಟ್ಟು ಒಂದೇಟು ಹೊಡೆದರೆ ಆಯಿತು. ಮುರಿದದ್ದಲ್ಲ, ಹಾಗೇ ಇರಬೇಕಾದದ್ದು!

ಒಂದು ವಿಷಯ ಕಾಕಾ ಹೇಳಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ಹತ್ಯಾರದ ಹೆಸರು ಹುಡುಕಬೇಡ, ಅದರ ಯಾವ ಭಾಗ ಕೆಲಸದ ತುಂಡಿಗೆ ತಾಗುತ್ತದೆ ಎಂದು ನೋಡು ಅಂದರು. ತಾಗುವ ಜಾಗ ಹೊಳೆಯುತ್ತಿರುತ್ತದೆ, ಹಿಡಿಯುವ ಜಾಗ ಕಪ್ಪಗಿರುತ್ತದೆ. ಮನೆಗೆ ಬಂದು ಎಲ್ಲವನ್ನೂ ಮತ್ತೆ ಟಾರ್ಚಿನಲ್ಲಿ ನೋಡಿದೆ. ನಿಜ, ಒಂದೊಂದರ ಮೇಲೂ ಮಾವನ ಹೆಬ್ಬೆರಳು ಎಲ್ಲಿತ್ತೆಂದು ಕಾಣುತ್ತಿತ್ತು.

ಹೇನಿನ ಬಾಚಣಿಗೆ ಎಂದದ್ದು ಸ್ಕ್ರೂ ಪಿಚ್ ಗೇಜ್. ಬೋಲ್ಟಿನ ಆಟೆಗಳ ಮೇಲೆ (ಥ್ರೆಡ್ಡಿಗೆ ಮರಾಠಿಯಲ್ಲಿ ಆಟೆ) ಒಂದೊಂದೇ ತಗಡನ್ನು ಇಟ್ಟು ನೋಡುವುದು. ಬೆಳಕು ತೂರದಂತೆ ಕೂತರೆ ಇಂಚಿಗೆ ಎಷ್ಟು ಆಟೆ ಎಂದು ತಗಡಿನ ಮೇಲೇ ಬರೆದಿರುತ್ತದೆ. ಮೀನಿನ ಬಾಲದ್ದು ಸೆಂಟರ್ ಗೇಜ್, ಲೇತಿನಲ್ಲಿ ಆಟೆ ಕೊರೆಯುವ ಉಳಿಯ ಮೊನೆ ಸರಿಯಾಗಿದೆಯೇ ಎಂದು ನೋಡುವುದಕ್ಕೆ. ಎರಡು ಯಾಕೆ ಎಂದರೆ ಒಂದರ ಕಚ್ಚು 55 ಡಿಗ್ರಿ, ಇನ್ನೊಂದರದ್ದು 60.

ಈ ಐದು ಡಿಗ್ರಿಯ ಹಿಂದೆ ದೊಡ್ಡ ಕಥೆಯಿದೆ. ಮೊದಲು ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯ ಬೋಲ್ಟು ಒಂದೊಂದು ಥರ. ಒಂದೂರಿನ ನಟ್ಟು ಇನ್ನೊಂದೂರಿನ ಬೋಲ್ಟಿಗೆ ಕೂರುತ್ತಿರಲಿಲ್ಲ. ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ಬೇರೆ ಬೇರೆ ಕಾರ್ಖಾನೆಗಳ ಬೋಲ್ಟು ತರಿಸಿ, ಅಳೆದು, ಸರಾಸರಿ ತೆಗೆದು 1841ರಲ್ಲಿ ಒಂದೇ ಕ್ರಮ ಮುಂದಿಟ್ಟ. ಆಟೆಯ ಕೋನ 55 ಡಿಗ್ರಿ. ಅಮೆರಿಕದವರು ಅದನ್ನು ಒಪ್ಪಲಿಲ್ಲ. 1864ರಲ್ಲಿ ವಿಲಿಯಂ ಸೆಲ್ಲರ್ಸ್ ಎಂಬವನು 60 ಡಿಗ್ರಿ ಮಾಡಿದ, ಮಾಡಲಿಕ್ಕೆ ಸುಲಭ ಎಂದು. ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದವರಾದರೂ ಇವರ ನಟ್ಟು ಅವರ ಬೋಲ್ಟಿಗೆ ಕೂರದೆ ಪೇಚಾಡಿದ್ದಕ್ಕೇ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ ಒಂದು ಕ್ರಮಕ್ಕೆ ಸಹಿ ಹಾಕಿದವು. ಈಗಿನ ಮಿಲಿಮೀಟರ್ ಬೋಲ್ಟುಗಳೂ 60 ಡಿಗ್ರಿಯವೇ.

ಮುಂಬಯಿಯ ಮಿಲ್ಲುಗಳಿಗೆ ಯಂತ್ರ ಬಂದದ್ದು ಹೆಚ್ಚಾಗಿ ಲ್ಯಾಂಕಾಶೈರಿನಿಂದ, ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್ ಮುಂತಾದವರಿಂದ. ಇಲ್ಲಿಯ ಮೊದಲ ಬಟ್ಟೆ ಗಿರಣಿ ಕವಾಸ್‌ಜಿ ದಾವರ್ ಅವರು 1854ರಲ್ಲಿ ಹುಟ್ಟುಹಾಕಿದ್ದು. ಅಲ್ಲಿಂದ ಮುಂದೆ ಬಂದ ಯಂತ್ರಗಳ ಜತೆ ವಿಟ್‌ವರ್ತನ 55 ಡಿಗ್ರಿಯೂ ಬಂದು ಗಿರಣಗಾಂವಿನಲ್ಲಿ ಬೀಡುಬಿಟ್ಟಿತು. ಮಾವನ 55ರ ಗೇಜು ಅಂಚೆಲ್ಲ ಸವೆದು ಕನ್ನಡಿಯಾಗಿದೆ. 60ರದ್ದು ಹೊಸದರಂತೆ ಇದೆ.

ಇಂಚಿನ ಬಗ್ಗೆ ಇನ್ನಷ್ಟು ಹೇಳಬೇಕು. ನಾನು ಬ್ಯಾಂಕಿನವನಾದ್ದರಿಂದ ಇದು ನನಗೆ ರುಚಿಸಿದ ಭಾಗ. ಚೆಸ್ಟರ್‌ಮನ್ ಪಟ್ಟಿಯಲ್ಲಿ ಒಂದು ಇಂಚನ್ನು ಒಂದು ಅಂಚಿನಲ್ಲಿ 16 ಪಾಲು, ಇನ್ನೊಂದು ಅಂಚಿನಲ್ಲಿ 64 ಪಾಲು ಮಾಡಿದ್ದಾರೆ. ನೋಡುತ್ತಾ ಕೂತಾಗ ಥಟ್ಟನೆ ಹೊಳೆಯಿತು. ಹಳೆಯ ರೂಪಾಯಿಗೂ 16 ಆಣೆ, 64 ಪೈಸೆ! ಅರ್ಧ, ಕಾಲು, ಅರೆಕಾಲು ಎಂದು ಮಡಚುತ್ತಾ ಹೋಗುವ ಲೆಕ್ಕ ಎರಡೂ ಕಡೆ. ಇಂಚಿನ ಎಂಟನೆಯ ಒಂದು ಪಾಲಿಗೆ ಇಲ್ಲಿಯ ಕಾರ್ಖಾನೆಗಳಲ್ಲಿ 'ಸೂತ್' ಎನ್ನುತ್ತಾರೆ. ನಮ್ಮಲ್ಲಿ ದಶಮಾಂಶದ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಮೆಟ್ರಿಕ್ ತೂಕ ಅಳತೆಗಳು 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಬಂದವು. "ನಯಾ ಪೈಸೆ ಬಂದ ವರ್ಷವೇ ನಾನು ಮಿಲ್ಲಿಗೆ ಹೆಲ್ಪರ್ ಆಗಿ ಸೇರಿದ್ದು" ಎಂದು ಮಾವ ಹೇಳುತ್ತಿದ್ದ ನೆನಪು. ಹದಿನಾಲ್ಕನೆಯ ವಯಸ್ಸಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು ಅಲ್ಲಿಗೆ ಹೋದವರು. ಹಣವೇನೋ ಬದಲಾಯಿತು, ಮಿಲ್ಲಿನ ಯಂತ್ರಗಳು ಹೇಗೆ ಬದಲಾಗುತ್ತವೆ? ಪೇಟೆಯಲ್ಲಿ ನಯಾ ಪೈಸೆ, ಮೀಟರ್ ಬಟ್ಟೆ. ಗೇಟಿನ ಒಳಗೆ ಹೋದರೆ ಇಂಚು, ಸೂತ್, ಥೌ.

ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು. ಮಿಲಿಮೀಟರಿನಲ್ಲಿ ಹೇಳುವುದಾದರೆ ಅದರ ಸುಮಾರು ನಲವತ್ತನೆಯ ಒಂದು ಪಾಲು. ಇದನ್ನು ಅಳೆಯುವುದು ಮೈಕ್ರೋಮೀಟರ್. ಲಂಡನ್ನಿನ ಹೆನ್ರಿ ಮಾಡ್ಸ್ಲಿ 1805ರ ಸುಮಾರಿಗೆ ಒಂದು ಮಾಡಿಟ್ಟುಕೊಂಡಿದ್ದ, ಮೇಜಿನ ಮೇಲೆ ಇಡುವಂಥದ್ದು. ಅದಕ್ಕೆ 'ಲಾರ್ಡ್ ಚಾನ್ಸಲರ್' ಎಂದು ಹೆಸರು, ಅದರ ತೀರ್ಪಿನ ಮೇಲೆ ಅಪೀಲಿಲ್ಲ ಎಂದು! ಕೈಯಲ್ಲಿ ಹಿಡಿಯುವ ಈಗಿನ ರೂಪಕ್ಕೆ 1848ರಲ್ಲಿ ಪೇಟೆಂಟ್ ಪಡೆದವನು ಪ್ಯಾರಿಸಿನ ಪಾಮರ್. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಕಂಡ ಅಮೆರಿಕದ ಬ್ರೌನ್ ಅಂಡ್ ಶಾರ್ಪ್ ಕಂಪನಿಯ ಮಾಲೀಕರು ಊರಿಗೆ ಹೋಗಿ ತಾವೂ ತಯಾರಿಸಲು ಶುರು ಮಾಡಿದರು, ಅಲ್ಲಿಂದ ಅದು ಎಲ್ಲರ ಜೇಬಿಗೆ ಬಂತು. (ಈಗ ಹೆಸರುವಾಸಿಯಾದ ಜಪಾನಿನ ಮಿಟುಟೊಯೊ 1934ರಲ್ಲಿ ಶುರುವಾದದ್ದು. ಸ್ಥಾಪಿಸಿದ ಯೆಹಾನ್ ನುಮಾಟ ಬೌದ್ಧ ಧರ್ಮಪ್ರಸಾರಕ್ಕೆ ದುಡ್ಡು ಬೇಕೆಂದು ಮೈಕ್ರೋಮೀಟರ್ ಮಾಡಲು ಹೊರಟವರು. ಇಂಥ ಬಿಸಿನೆಸ್ ಪ್ಲಾನ್ ಹಿಡಿದು ನನ್ನ ಹತ್ತಿರ ಸಾಲಕ್ಕೆ ಬಂದಿದ್ದರೆ ಏನು ಮಾಡುತ್ತಿದ್ದೆನೋ!)

ನಿಮ್ಮ ಮನೆಯಲ್ಲೂ ಹಳೆಯ ಮೈಕ್ರೋಮೀಟರ್ ಇದ್ದರೆ ಇಂಚಿನದೋ ಮಿಲಿಮೀಟರಿನದೋ ತಿಳಿಯುವುದು ಸುಲಭ. ತಿರುಗಿಸುವ ಕೊಳವೆಯ ಮೇಲಿನ ಗೆರೆಗಳನ್ನು ಎಣಿಸಿ. ಇಪ್ಪತ್ತೈದಿದ್ದರೆ ಇಂಚು. ಒಳಗಿನ ಸ್ಕ್ರೂಗೆ ಇಂಚಿಗೆ ನಲವತ್ತು ಆಟೆ, ಒಂದು ಸುತ್ತಿಗೆ 25 ಥೌ ಮುಂದೆ ಹೋಗುತ್ತದೆ, ಹಾಗಾಗಿ ಒಂದು ಗೆರೆಗೆ ಒಂದು ಥೌ. ಐವತ್ತಿದ್ದರೆ ಮಿಲಿಮೀಟರ್. ಸುತ್ತಿಗೆ ಅರ್ಧ ಮಿಲಿಮೀಟರ್, ಗೆರೆಗೆ ನೂರನೆಯ ಒಂದು ಪಾಲು. ಮಾವನ ಎರಡೂ ಇಪ್ಪತ್ತೈದರವು. ನನ್ನ ತಲೆಗೂದಲನ್ನೇ ಇಟ್ಟು ನೋಡಿದೆ, ಎರಡೂವರೆ ಥೌ ಬಂತು.

ಆಗ ಒಂದು ಮಾತು ನೆನಪಾಯಿತು. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಲೆಜರ್ ತಾಳೆಯಾಗದೆ ತಡವಾಗಿ ಮನೆಗೆ ಬಂದಿದ್ದೆ. ಮಾವ ಊಟಕ್ಕೆ ಕಾಯುತ್ತಿದ್ದರು. "ನಿಮ್ ಬ್ಯಾಂಕಲ್ಲಿ ಎಷ್ಟ್ ಪೈಸೆ ತಪ್ಪಿರೆ ನಡೀತ್ ಮಾಣಿ?" ಎಂದು ಕೇಳಿದರು. ಒಂದು ಪೈಸೆಯೂ ನಡೆಯುವುದಿಲ್ಲ ಎಂದೆ, ಸ್ವಲ್ಪ ಗತ್ತಿನಿಂದಲೇ. ಅವರು ಅನ್ನ ಕಲಸುತ್ತಾ, "ನಮ್ಮಲ್ಲಿ ಎರಡ್ಮೂರ್ ಥೌ ನಡೀತ್" ಅಂದರು. ಮಿಲ್ಲಿನಲ್ಲಿ ಸಡಿಲ ಎಂದು ನಾನು ಅರ್ಥ ಮಾಡಿಕೊಂಡಿದ್ದೆ! ಒಂದು ಕೂದಲಿನಷ್ಟು ಎಂದು ಅವರು ಹೇಳಿದ್ದು ನನಗೆ ತಿಳಿದದ್ದು ಮೂವತ್ತು ವರ್ಷ ಕಳೆದ ಮೇಲೆ.

ಪೆಟ್ಟಿಗೆಯಲ್ಲಿ ಹಿಡಿ ಹಾಕಿದ ಹಳೆಯ ಅರಗಳು ಮೂರಿದ್ದವು, ಹಲ್ಲೆಲ್ಲ ಸಾಣೆ ಹಿಡಿದು ತೆಗೆದು ತುದಿ ಚೂಪು ಮಾಡಿದ್ದು. ಸವೆದುಹೋದ ಅರ ಯಾಕೆ ಜೋಪಾನ ಮಾಡಿದರು ಎಂದುಕೊಂಡಿದ್ದೆ. ಕಾಕಾ ಹೇಳಿದರು, ಸ್ಕ್ರೇಪರ್. ಲೋಹದ ಮೇಲ್ಮೈಯನ್ನು ಕೂದಲಿಗಿಂತ ತೆಳುವಾಗಿ ಕೆರೆದು ಸಮತಟ್ಟು ಮಾಡುವುದು. ಮೊದಲು ಸಮತಟ್ಟಾದ ಹಲಗೆಗೆ ನೀಲಿ ಪೇಸ್ಟು ಸವರಿ ಅದರ ಮೇಲೆ ತುಂಡನ್ನು ಉಜ್ಜುತ್ತಾರೆ. ನೀಲಿ ಹತ್ತಿದ್ದು ಉಬ್ಬು, ಅಷ್ಟನ್ನೇ ಕೆರೆಯುವುದು. ಮಾವನ ಉಗುರ ಸಂದಿನಲ್ಲಿ ಯಾವಾಗಲೂ ಇದ್ದ ನೀಲಿಯನ್ನು ನಾವು ಇಂಕು ಅಂದುಕೊಂಡಿದ್ದೆವು. ಆದರೆ ಆ ಮೊದಲ ಸಮತಟ್ಟು ಹಲಗೆ ಎಲ್ಲಿಂದ ಬಂತು? ಇದನ್ನೂ ಸರಿಯಾಗಿ ತಿಳಿಸಿಕೊಟ್ಟವನು ವಿಟ್‌ವರ್ತನೇ, 1840ರಲ್ಲಿ. ಎರಡು ಹಲಗೆಗಳನ್ನು ಒಂದಕ್ಕೊಂದು ಉಜ್ಜಿ ಹೊಂದಿಸಿದರೆ ಒಂದು ಉಬ್ಬು ಇನ್ನೊಂದು ತಗ್ಗು ಇದ್ದರೂ ಹೊಂದಿಬಿಡುತ್ತವೆ. ಮೂರು ಹಲಗೆ ತೆಗೆದುಕೊಂಡು ಎರಡೆರಡನ್ನೇ ಅದಲುಬದಲು ಮಾಡಿ ಎಲ್ಲವೂ ಎಲ್ಲದಕ್ಕೂ ಹೊಂದುವ ತನಕ ಕೆರೆದರೆ ಮೂರೂ ಸಮತಟ್ಟಾಗಿರಲೇಬೇಕು. ನಮ್ಮಲ್ಲೂ ಹಾಗೇ, ಇಬ್ಬರು ಗುಮಾಸ್ತರು ಒಂದೇ ತಪ್ಪು ಮಾಡಿದರೆ ಪುಸ್ತಕ ತಾಳೆಯಾಗುತ್ತದೆ. ಮೂರನೆಯವನು ಬಂದರೆ ಸಿಕ್ಕಿಬೀಳುತ್ತಾರೆ.

ಅಂದ ಹಾಗೆ, ಆ ಶಾಪಿನಲ್ಲಿ ವಿಲಾಯತಿ ಲೇತುಗಳ ನಡುವೆ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಒಂದಿತ್ತಂತೆ. 1941ರಲ್ಲಿ ಶುರುವಾದ ಆ ಕಾರ್ಖಾನೆ ಈಗಿಲ್ಲ. ಮಾವ ಅದನ್ನು "ನಮ್ಮ ಕಡೇದು" ಎಂದು ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಕುಂದಾಪುರವೆಲ್ಲಿ, ಹರಿಹರವೆಲ್ಲಿ! ಮುಂಬಯಿಗೆ ಬಂದ ಮೇಲೆ ಎಲ್ಲ ಒಂದೇ ಊರು.

ಕೊನೆಗೆ ಒಂದು ಸಾಮಾನು ಮಾತ್ರ ಕಾಕಾನ ಬೆರಳಿಗೂ ಸಿಕ್ಕಲಿಲ್ಲ. ಅಂಗೈಯಗಲದ ದಪ್ಪ ಉಕ್ಕಿನ ತಗಡು. ಎರಡು ಕಡೆ ಒಂದೊಂದು ಚೌಕ ಬಾಯಿ, ಎರಡೂ ಒಂದೇ ಅಗಲ ಎನ್ನುವಂತೆ ಕಾಣುತ್ತದೆ. ಮುದ್ರೆ ಇಲ್ಲ. ಅರದಲ್ಲಿ ಕೈಯಿಂದಲೇ ಉಜ್ಜಿ ಮಾಡಿದ್ದು, ಬಾಯಿಯ ಒಳಬದಿ ಮಾತ್ರ ಕನ್ನಡಿಯ ಹಾಗೆ. ನಾಗದೇವಿಯಲ್ಲಿ ಕೊಂಡಿದ್ದ ಡಿಜಿಟಲ್ ವರ್ನಿಯರ್ ಹಾಕಿ ನೋಡಿದೆ. ಒಂದು ಬಾಯಿ 31.75 ಮಿಲಿಮೀಟರ್, ಇನ್ನೊಂದು 31.67. ಯಾರಾದರೂ ಇಂಥ ಅಡ್ಡಾದಿಡ್ಡಿ ಸಂಖ್ಯೆಗೆ ಇಷ್ಟು ನಯ ಮಾಡುತ್ತಾರೆಯೇ? ಮೂರು ದಿನ ಮೇಜಿನ ಮೇಲೇ ಇತ್ತು. ಇಂಚಿಗೆ 25.4 ಎಂದು ಭಾಗಿಸಿ ನೋಡಬೇಕೆಂದು ಹೊಳೆದದ್ದು ಆಫೀಸಿನಲ್ಲಿ, ಕ್ಯಾಲ್ಕ್ಯುಲೇಟರ್ ಮುಂದೆ ಕೂತಾಗ. (ಈ 25.4 ಕೂಡ ಮೊದಲು ದೇಶಕ್ಕೊಂದು ಥರ ಕೂದಲೆಳೆಯಷ್ಟು ಬೇರೆಯಿತ್ತು. ಸ್ವೀಡನ್ನಿನ ಜೊಹಾನ್ಸನ್ ತನ್ನ ಅಳತೆಯ ತುಂಡುಗಳಿಗೆ ಇಂಚೆಂದರೆ ಸರಿಯಾಗಿ 25.4 ಎಂದು ಹಿಡಿದುಕೊಂಡ, ಕಾರ್ಖಾನೆಗಳು ಅದನ್ನೇ ನಂಬಿದವು. ಆರು ದೇಶಗಳು ಒಟ್ಟಿಗೆ ಒಪ್ಪಿದ್ದು 1959ರ ಜುಲೈ 1ರಿಂದ.) ಭಾಗಿಸಿದರೆ ಒಂದು ಬಾಯಿ ಸರಿಯಾಗಿ ಒಂದೂಕಾಲು ಇಂಚು, ಇನ್ನೊಂದು ಅದಕ್ಕಿಂತ ಮೂರು ಥೌ ಕಡಿಮೆ!

ಫೋನಿನಲ್ಲಿ ಹೇಳಿದ ಕೂಡಲೇ ಕಾಕಾ ನಕ್ಕರು. ಮಗ್ಗದ ಕ್ರ್ಯಾಂಕ್ ಶಾಫ್ಟ್ ಬೇರಿಂಗಿನಲ್ಲಿ ಕೂರುವ ಜಾಗದ ಗೇಜ್ ಅದು. ಒಂದು ಬಾಯಿ ಗೋ, ಒಂದು ನೋ-ಗೋ. ಲೇತಿನಲ್ಲಿ ತಿರುಗಿಸಿದ ಶಾಫ್ಟು ದೊಡ್ಡ ಬಾಯಿಯೊಳಗೆ ಹೋಗಬೇಕು, ಚಿಕ್ಕದರೊಳಗೆ ಹೋಗಬಾರದು. ಅಷ್ಟಾದರೆ ಪಾಸು. ಪ್ರತಿ ಶಾಫ್ಟಿಗೂ ಮೈಕ್ರೋಮೀಟರ್ ಹಿಡಿಯುವುದು ತಡವಾಗುತ್ತದೆಂದು ಮಾವ ತಾವೇ ಮಾಡಿಕೊಂಡದ್ದು. "ನಾನು ಅದರಿಂದ ನೂರಾರು ಶಾಫ್ಟು ನೋಡಿದ್ದೇನೆ, ಕೈ ಮರೆತುಬಿಟ್ಟಿತು ನೋಡು" ಅಂದರು.

ಎಲ್ಲ ಮುಗಿಯಿತೆಂದು ಪೆಟ್ಟಿಗೆ ಒರೆಸುವಾಗ ತಳದ ಕಾಗದದ ಕೆಳಗೆ ಒಂದು ಹಳದಿ ಚೀಟಿ ಸಿಕ್ಕಿತು. ಮಿಲ್ಲಿನ ಗೇಟ್ ಪಾಸ್. ಮೊದಲೇ ಸಿಕ್ಕಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು! ಕಾರ್ಮಿಕನ ಸ್ವಂತ ಹತ್ಯಾರ ಹೊರಗೆ ಒಯ್ಯಲು ಅನುಮತಿ ಎಂದು ಬರೆದು, ಒಂದೊಂದರ ಹೆಸರೂ ಇತ್ತು. ಜೆನ್ನಿ 1, ಸ್ಕ್ರೂ ಗೇಜ್ 1, ಸ್ಕ್ರೇಪರ್ 3, ಓನ್ ಮೇಕ್ ಗೇಜ್ 1... ತಾರೀಖು 16-1-1982, ಶನಿವಾರ.

ಆ ತಾರೀಖು ಗಿರಣಗಾಂವಿನವರಿಗೆ ಹೇಳಬೇಕಾಗಿಲ್ಲ. ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರ ಮುಷ್ಕರ ಶುರುವಾದದ್ದು 18ರ ಸೋಮವಾರ. ಅದನ್ನು ವಾಪಸು ತೆಗೆದುಕೊಂಡೆವೆಂದು ಯಾರೂ ಇಂದಿಗೂ ಘೋಷಿಸಿಲ್ಲ. ಮುಷ್ಕರ ಆಗುವುದು ಖಂಡಿತ ಎಂದು ಗೊತ್ತಿದ್ದವರು ಎರಡು ದಿನ ಮುಂಚೆಯೇ ತಮ್ಮ ತಮ್ಮ ಪೆಟ್ಟಿಗೆ ಮನೆಗೆ ಸಾಗಿಸಿದರಂತೆ. ಮಾವನನ್ನು ಮಿಲ್ಲು ಮತ್ತೆ ಕರೆಯಲಿಲ್ಲ. ಬರಬೇಕಾದ ಗ್ರ್ಯಾಚುಟಿಯಲ್ಲಿ ಅರ್ಧ ಬಂತು, ಅದೂ ಎಷ್ಟೋ ವರ್ಷ ಅಲೆದ ಮೇಲೆ.

ಬ್ಯಾಂಕಿನವನಿಗೆ ಪಟ್ಟಿ ಸಿಕ್ಕಿದರೆ ಟಿಕ್ ಹಾಕದೆ ಕೈ ಕೇಳುತ್ತದೆಯೇ? ಪೆನ್ಸಿಲ್ ಹಿಡಿದು ಕೂತೆ. ಪಾಸಿನಲ್ಲಿ ಒಟ್ಟು 23. ಪೆಟ್ಟಿಗೆಯಲ್ಲಿ 24. ಮೂರು ಸಲ ಎಣಿಸಿದೆ. ಹೆಚ್ಚಿಗೆ ಇದ್ದದ್ದು ದೊಡ್ಡ ಮೈಕ್ರೋಮೀಟರ್, ಒಂದರಿಂದ ಎರಡು ಇಂಚಿನ ತನಕ ಅಳೆಯುವುದು. ಪಾಸಿನಲ್ಲಿ ಬರೆದದ್ದು ಚಿಕ್ಕದೊಂದು ಮಾತ್ರ. ದೊಡ್ಡದರ ಚೌಕಟ್ಟಿನ ಮೇಲೆ ಆಸಿಡಿನಲ್ಲಿ ಬರೆದ ಎರಡು ಅಕ್ಷರ, ಒಂದು ನಂಬರು ಇತ್ತು. ಮೊದಲೇ ನೋಡಿದ್ದೆ, ಕಂಪನಿಯ ಏನೋ ನಂಬರಿರಬೇಕು ಎಂದು ಬಿಟ್ಟಿದ್ದೆ. ಈಗ ಪಾಸಿನ ತಲೆಬರಹ ನೋಡಿದರೆ, ಮಿಲ್ಲಿನ ಹೆಸರಿನ ಮೊದಲ ಅಕ್ಷರಗಳು.

ಹೊಟ್ಟೆಯಲ್ಲಿ ಒಂಥರಾ ಆಯಿತು. ಮಾವ ಮಿಲ್ಲಿನ ಸಾಮಾನು ಎತ್ತಿಕೊಂಡು ಬಂದರೇ? ಕಾಕಾನಿಗೆ ಕೇಳಲೂ ಮುಜುಗರ. ಆದರೂ ಕೇಳಿದೆ. ಅವರು "ಹಿತ್ತಾಳೆ ಟೋಕನ್ ಎಷ್ಟಿವೆ ನೋಡು" ಅಂದರು. ಹೌದು, ತಂತಿಯಲ್ಲಿ ಪೋಣಿಸಿದ ದುಂಡು ಬಿಲ್ಲೆಗಳಿದ್ದವು, ನಾಲ್ಕು. ನಾಲ್ಕರ ಮೇಲೂ ಒಂದೇ ನಂಬರು. ನಾನು ಅವನ್ನು ಹತ್ಯಾರವಲ್ಲವೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ರತಿಯೊಬ್ಬನಿಗೆ ಐದು ಟೋಕನ್ ಕೊಡುತ್ತಿದ್ದರಂತೆ. ಸ್ಟೋರಿನಿಂದ ದೊಡ್ಡ ಹತ್ಯಾರ ಬೇಕಾದರೆ ಒಂದು ಟೋಕನ್ ಕೊಡಬೇಕು, ಅವರು ಹತ್ಯಾರ ಇದ್ದ ಮೊಳೆಗೆ ಅದನ್ನು ನೇತುಹಾಕುತ್ತಾರೆ. ವಾಪಸು ಕೊಟ್ಟಾಗ ಟೋಕನ್ ವಾಪಸು. ನಮ್ಮಲ್ಲಿ ಒಡವೆ ಇಟ್ಟು ಸಾಲ ಪಡೆದ ಹಾಗೆ. ಒಂದೂಕಾಲು ಇಂಚಿನ ಶಾಫ್ಟಿಗೆ ಮಾವನ ಚಿಕ್ಕ ಮೈಕ್ರೋಮೀಟರ್ ಸಾಲುವುದಿಲ್ಲ, ಅದು ಒಂದಿಂಚಿಗೇ ನಿಲ್ಲುತ್ತದೆ. ಆ ಶನಿವಾರ ದೊಡ್ಡದನ್ನು ಸ್ಟೋರಿನಿಂದ ತೆಗೆದಿದ್ದಾರೆ. ಗಡಿಬಿಡಿಯಲ್ಲಿ ತಮ್ಮದರ ಜತೆ ಪೆಟ್ಟಿಗೆಗೆ ಹೋಗಿದೆ, ಗೇಟಿನವನೂ ಎಣಿಸಲಿಲ್ಲ. ಐದನೆಯ ಟೋಕನ್ ಸ್ಟೋರಿನ ಮೊಳೆಯ ಮೇಲೆ ಉಳಿಯಿತು. ಆ ಸ್ಟೋರ್ ಇದ್ದ ಜಾಗದಲ್ಲಿ ಈಗ ಗಾಜಿನ ಟವರಿದೆ.

ರಾತ್ರಿ ಪುಣೆಗೆ ಫೋನ್ ಮಾಡಿದೆ. ಅತ್ತೆಗೆ ಮೈಕ್ರೋಮೀಟರ್ ಎಂದರೆ ತಿಳಿಯಲಿಲ್ಲ. "ಕಪ್ಪು ಪೆಟ್ಟಿಯಲ್ಲಿ ಇತ್ತಲ್ಲ, ದೊಡ್ಡದು" ಅಂದೆ. "ಓ ಅದಾ..." ಅಂದರು. ಪ್ರತಿ ವರ್ಷ ಆಯುಧ ಪೂಜೆಗೆ ಮಾವ ಎಲ್ಲ ಸಾಮಾನು ಒರೆಸಿ ಎಣ್ಣೆ ಹಾಕಿ ಸಾಲಾಗಿ ಇಡುತ್ತಿದ್ದರು, ಅತ್ತೆ ಒಂದೊಂದಕ್ಕೂ ಕುಂಕುಮ ಇಡುತ್ತಿದ್ದರು. "ಅದಕ್ ಮಾತ್ರ ಇಡುಕೆ ಬಿಡ್ತಿರ್ಲಿಲ್ಲ. ಅದ್ ನಮ್ದಲ್ಲ, ಕುಂಕುಮ ಹಚ್ಬೇಡ, ಕೊಡುಕಿತ್ತ್ ಅಂತಿದ್ರ್."

ಫೋನಿಟ್ಟು ಟಾರ್ಚ್ ಹಾಕಿ ನೋಡಿದೆ. ಚಿಕ್ಕ ಮೈಕ್ರೋಮೀಟರಿನ ಡಬ್ಬಿ, ಗುಣ್ಯಾದ ಮೂಲೆ, ಸ್ಕ್ರೇಪರಿನ ಹಿಡಿ, ಜೆನ್ನಿಯ ಕೀಲು, ಎಲ್ಲದರ ಮೇಲೂ ಸಂದಿಯಲ್ಲಿ ಕೆಂಪು ಉಳಿದಿದೆ. ಇಷ್ಟು ದಿನ ಅದನ್ನು ತುಕ್ಕು ಅಂದುಕೊಂಡು ಉಜ್ಜಿಯೂ ನೋಡಿದ್ದೆ. ಕಪ್ಪು ಡಬ್ಬಿಯ ಮೇಲೆ ಏನೂ ಇಲ್ಲ. ಒಳಗಿದ್ದ ಒಂದಿಂಚಿನ ಪರೀಕ್ಷಾ ಸಲಾಕೆಯನ್ನು ಮೈಕ್ರೋಮೀಟರಿನ ಬಾಯಿಗೆ ಕೊಟ್ಟು ಮೆಲ್ಲಗೆ ತಿರುಗಿಸಿದೆ. ಸೊನ್ನೆಯ ಗೆರೆ ಸೊನ್ನೆಗೇ ಬಂದು ನಿಂತಿತು.

ಮರುದಿನ ಹೊಸ ಪಟ್ಟಿ ಮಾಡಿದೆ, ಕನ್ನಡದಲ್ಲಿ, ಒಂದೊಂದರ ಹೆಸರು, ಅದು ಏನಕ್ಕೆ ಎಂದು ಎರಡು ಸಾಲು. ನಮ್ಮ ಮಕ್ಕಳು ಕನ್ನಡ ಓದುವುದು ಅಷ್ಟಕ್ಕಷ್ಟೇ, ಆದರೂ ಇರಲಿ. 24ನೆಯ ಸಾಮಾನಿನ ಮುಂದೆ 'ಮಿಲ್ಲಿನದು, ಟೋಕನ್ ಅವರಲ್ಲಿದೆ' ಎಂದು ಬರೆದು, ಪಟ್ಟಿಯನ್ನು ಗೇಟ್ ಪಾಸಿನ ಜತೆ ತಳದಲ್ಲಿಟ್ಟು ಪೆಟ್ಟಿಗೆ ಮುಚ್ಚಿದೆ.